ಆಗಲಿ ಎನ್ನುವ ಹುದ್ದೆ

ತೊಂಬತ್ತರ ದಶಕದಲ್ಲಿ ಕೆನಡಾದ ಮಾಲ್ಟನ್ ಊರಿನ ನಮ್ಮ ಪಕ್ಕದ ಮನೆಯಲ್ಲಿದ್ದ ಹಿರಿಯರು ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು. ಹಳೆಯ ಜಪಾನಿನ ರಾಜಪ್ರತಿನಿಧಿಯೊಬ್ಬನ ಕತೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಬಾಲಕ ಚಕ್ರವರ್ತಿಯ ಹೆಸರಿನಲ್ಲಿ ಆಳಬೇಕಾದವನು ಅವನು. ಆದರೆ ತೀರ್ಮಾನವೆಲ್ಲ ದೂರದ ಸೇನಾನಿಗಳದು. ಇವನು ದರಬಾರಿನ ಉಡುಪು ತೊಟ್ಟು ಬಂದು "ಆಗಲಿ" ಎನ್ನಬೇಕು, ಅಷ್ಟೇ.

"ಹುದ್ದೆ ಅದ, ಅಧಿಕಾರ ಇಲ್ಲ ನೋಡ್ರಿ," ಎಂದು ಅಂಗೈ ಬಿಚ್ಚಿ ತೋರಿಸುತ್ತಿದ್ದರು.

ಅವರ ಹೆಂಡತಿ ವೆಂಟಿಲೇಟರಿನಲ್ಲಿದ್ದಾಗ ನಾನೇ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಪಾಠ ಮಾಡುವಾಗಿನ ಕರಿ ಕೋಟು ತೊಟ್ಟು ಬಂದಿದ್ದರು. ಡಾಕ್ಟರು ಮಗನೊಡನೆಯೇ ಮಾತಾಡಿ ಮುಗಿಸಿದರು.

ಮಗ ತಿರುಗಿ, "ಅಪ್ಪಾ, ಮಷೀನ್ ತಗಸೋದು ಡಿಸೈಡ್ ಆಗೇದ. ಓಕೆ ಅಲ್ಲಾ?" ಎಂದ.

ಅವರು ಕೋಟಿನ ಗುಂಡಿ ಹಾಕಿಕೊಂಡು, "ಆಗಲಿ" ಎಂದರು.

ಹೆಂಡತಿಯ ಉಸಿರು ನಿಂತ ಮೇಲೆ, ಮರಳುವಾಗ ಕಾರಿನಲ್ಲಿ ಅಂಗೈ ಬಿಚ್ಚಿದರು.

"ಈಗ ಹುದ್ದೇನೂ ಹೋತ್ರಿ."