ಕೆಳಗಿನ ಮನೆಯ ರೆಕಾರ್ಡು, ಮೇಲಿನ ಮನೆಯ ರೊಟ್ಟಿ

ಚಿಕ್ಕಲಸಂದ್ರದ ಬಾಡಿಗೆ ಮನೆಗೆ ಬಂದು ಎಂಟು ದಿನವಾಗಿತ್ತು. ಭಾನುವಾರ ಮುಂಜಾನೆ ಹತ್ತರ ಸುಮಾರಿಗೆ ಅಡುಗೆಮನೆಯ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಇದ್ದಕ್ಕಿದ್ದಂತೆ ನಾನು ಕೂತ ನೆಲದ ಕೆಳಗಿನಿಂದ ಏಳೆಂಟು ಗಂಡಸರು ಒಮ್ಮೆಲೇ ಇಂಗ್ಲಿಷಿನಲ್ಲಿ ಕೂಗಿಕೊಂಡರು. ಗಾಜಿಗೆ ಗಾಜು ತಾಗಿತು. ಯಾರೋ ಒಬ್ಬ ಉಸಿರು ಕಟ್ಟುವಷ್ಟು ನಕ್ಕ. ಆಮೇಲೆ ಡ್ರಮ್ಮು, ಪಿಯಾನೋ, ಗಂಟಲಲ್ಲಿ ಮರಳು ಸಿಕ್ಕಿಕೊಂಡವನಂತೆ ಒಬ್ಬನ ಹಾಡು, ಅದಕ್ಕೆ ಉಳಿದವರ ತಾಳ ತಪ್ಪಿದ ಕೋರಸ್ಸು. ಕಲ್ಲಿನ ಮೇಲಿದ್ದ ರೊಟ್ಟಿ ಹರಿದುಹೋಯಿತು. ಕೆಳಗಿರುವವರು ಮನೆ ಮಾಲೀಕರಾದ ಸುಬ್ಬರಾಯರು ಮತ್ತು ಅವರ ಹೆಂಡತಿ ವಿಮಲಮ್ಮ. ಇಬ್ಬರೂ ಎಪ್ಪತ್ತರ ಆಸುಪಾಸಿನವರು. ಬೆಳಿಗ್ಗೆ ಏಳಕ್ಕೆ ಅವರ ಮನೆಯಿಂದ ಕೇಳುತ್ತಿದ್ದದ್ದು ಪೂಜೆಯ ಗಂಟೆ ಮಾತ್ರ. ಈ ಗದ್ದಲ ಅದೇ ಮನೆಯದು ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಾವು ಗದಗಿನವರು. ನನ್ನ ಗಂಡ ಅಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಸೀರೆ ಅಂಗಡಿಯ ಧಣಿಗಳು ಜಯನಗರದಲ್ಲೊಂದು ಅಂಗಡಿ ತೆರೆದು, ಇಳಕಲ್ ಸೀರೆಯ ಬಗ್ಗೆ ಬಲ್ಲವರೊಬ್ಬರು ಬೇಕೆಂದು ಇವರನ್ನು ಕರೆಸಿಕೊಂಡರು. ಐವತ್ತು ದಾಟಿದ ಮೇಲೆ ಊರು ಬಿಡುವುದೆಂದರೆ ಬೇರು ಬಿಟ್ಟ ಗಿಡ ಕಿತ್ತು ಕುಂಡದಲ್ಲಿ ನೆಟ್ಟಂತೆ. ಮನೆ ಹುಡುಕುವಾಗಲೇ ಅದು ಗೊತ್ತಾಯಿತು. ಜೆ.ಪಿ. ನಗರದಲ್ಲಿ ಒಬ್ಬರು ಬಾಗಿಲನ್ನೇ ಪೂರ್ತಿ ತೆರೆಯದೆ ನಾವು ಯಾವ ಜನ, ಏನು ತಿನ್ನುತ್ತೇವೆ ಎಂದು ಕೇಳಿದರು. ಲಿಂಗಾಯತರು, ಸಸ್ಯಾಹಾರಿಗಳು ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ವಿಮಲಮ್ಮನೂ ಕೇಳಿದರು. ಮೆತ್ತಗಿನ ದನಿಯಲ್ಲಿ ಕೇಳಿದರು, ಆದರೂ ಕೇಳಿದರು. ಮಾಂಸ ಮಾಡಬಾರದು, ಕುಡಿಯುವವರು ಮನೆಗೆ ಬರಬಾರದು ಎಂದರು. ಎರಡನೆಯದನ್ನು ಹೇಳುವಾಗ ಅವರು ನನ್ನ ಮುಖ ನೋಡದೆ ಗೋಡೆ ನೋಡಿದ್ದು ನನಗೆ ನೆನಪಿದೆ. ಅದು ಸೊಕ್ಕು ಎಂದುಕೊಂಡೆ.

ಹೊಸ ಊರಿನಲ್ಲಿ ನನ್ನ ಕನ್ನಡವೇ ನನಗೆ ಪರಕೀಯವಾಯಿತು. ಲೈಟು ಹಚ್ಚಿ ಎಂದರೆ ಇಲ್ಲಿಯವರು ನಗುತ್ತಾರೆ, ಇಲ್ಲಿ ಲೈಟು ಹಾಕುತ್ತಾರೆ. ಉಳ್ಳಾಗಡ್ಡಿ ಕೇಳಿದಾಗ ತರಕಾರಿ ಅಂಗಡಿಯವನು ಈರುಳ್ಳಿ ಎತ್ತಿ ತೋರಿಸಿ ಇದೇನಾ ಎಂದು ಕೇಳಿದ. ಸಾರಿನಲ್ಲಿ ಬೆಲ್ಲ, ಊಟವೆಂದರೆ ಅನ್ನ. ಗದಗಿನಲ್ಲಿ ಬೆಳಗಾದರೆ ಓಣಿಯ ಎಲ್ಲ ಮನೆಗಳಿಂದಲೂ ರೊಟ್ಟಿಯ ಸಪ್ಪಳ ಬರುತ್ತದೆ. ಇಲ್ಲಿ ಅದು ನಮ್ಮೊಂದು ಮನೆಯಿಂದ ಮಾತ್ರ. ಬಂದ ಮೂರನೆಯ ದಿನ ವಿಮಲಮ್ಮ ಮೆಟ್ಟಿಲು ಹತ್ತಿ ಬಂದು, ಏನಾದರೂ ರಿಪೇರಿ ಮಾಡಿಸುತ್ತಿದ್ದೀರಾ ಎಂದು ವಿಚಾರಿಸಿದರು. ನಾನು ನಾಚಿಕೊಂಡು ಬಿಸಿ ರೊಟ್ಟಿಯ ಜೊತೆ ಎಣ್ಣೆಗಾಯಿ ಕೊಟ್ಟು ಕಳಿಸಿದೆ. ಮರುದಿನ ಡಬ್ಬಿ ಸಾರಿನ ಪುಡಿ ತುಂಬಿಕೊಂಡು ವಾಪಸು ಬಂತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು ಎಂಬುದು ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ ಎಂದು ಹಿಗ್ಗಿದೆ. ಆಮೇಲೆ ಅವರು ನನ್ನ ರೊಟ್ಟಿಯ ಸಪ್ಪಳದ ಬಗ್ಗೆ ಒಂದು ದಿನವೂ ಚಕಾರ ಎತ್ತಲಿಲ್ಲ. ಆಗ ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಭಾನುವಾರದ ಗದ್ದಲ ಮಾತ್ರ ತಪ್ಪಲಿಲ್ಲ. ಸುಬ್ಬರಾಯರ ವಯಸ್ಸಿನವರೇ ಮೂವರು ಹೆಲ್ಮೆಟ್ ಹಿಡಿದುಕೊಂಡು ಬರುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಕೂಗು, ಅದೇ ಗಾಜಿನ ಸದ್ದು, ಅದೇ ನಗು. ಬಡಪೆಟ್ಟಿಗೆ ಮುಗಿಯದ ಪಿಯಾನೋ. ಒಂದು ಗಂಟೆಯ ನಂತರ ನಾಲ್ವರೂ ಮುಖ ಕೆಂಪಗೆ ಮಾಡಿಕೊಂಡು ಗೇಟಿನ ಹತ್ತಿರ ನಿಂತು ಮತ್ತೆ ನಗುತ್ತಿದ್ದರು. ನನಗೆ ಬೇರೆ ಪುರಾವೆ ಬೇಕಿರಲಿಲ್ಲ. ನನ್ನ ಅಣ್ಣ ಕುಡಿದೇ ಸತ್ತವನು. ಗೋಡೆಯಾಚೆ ಅವನೂ ಅವನ ಗೆಳೆಯರೂ ಹೀಗೆಯೇ ನಗುತ್ತಿದ್ದರು. ಈಚೆ ನಾನೂ ಅವ್ವನೂ ಅದು ಯಾವಾಗ ಜಗಳವಾಗುತ್ತದೋ ಎಂದು ಕಾಯುತ್ತ ಕೂತಿರುತ್ತಿದ್ದೆವು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ನನ್ನದು ಕಾಮಾಲೆ ಕಿವಿ.

ಸಿಟ್ಟು ಬಂತು, ಅದು ಸರಿ. ಸಿಟ್ಟಿನ ಜೊತೆ ಖುಷಿಯೂ ಆಯಿತು, ನಾಚಿಕೆಯಾಗುವುದು ಅದಕ್ಕೆ. ನನ್ನ ತಟ್ಟೆಯಲ್ಲಿ ಏನಿದೆ ಎಂದು ಕೇಳಿದವರ ಮನೆಯಲ್ಲೇ ಹೀಗೆ! ಗದಗಿನಲ್ಲಿರುವ ನನ್ನ ಅಕ್ಕ ಶಾಂತಕ್ಕನಿಗೆ ಫೋನ್ ಮಾಡಿ, ಬೆಂಗಳೂರಿನ ದೊಡ್ಡ ಮಂದಿಯ ಕತೆಯೆಂದು ಉಪ್ಪುಖಾರ ಹಚ್ಚಿ ಹೇಳಿದೆ. ಅವಳು ನಕ್ಕಳು, ನಾನೂ ನಕ್ಕೆ. ಊರು ಬಿಟ್ಟು ಬಂದ ಮೇಲೆ ಅಷ್ಟು ಮನಸಾರೆ ನಕ್ಕದ್ದು ಅದೇ ಮೊದಲು. ನನ್ನ ಗಂಡ ಮಾತ್ರ ಊಟ ಮಾಡುತ್ತ, ಇಣುಕಿ ನೋಡದೆ ಯಾರ ಬಗ್ಗೆಯೂ ಹೇಳಬಾರದು ಎಂದರು. ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ವಿಮಲಮ್ಮ ಬೀದಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದರು. ನನ್ನನ್ನೂ ಕರೆದು ದೇವರ ಹತ್ತಿರವೇ ಕೂರಿಸಿದರು. ಎದುರುಮನೆಯಾಕೆ ತಮಾಷೆಗೆ, ನಿಮ್ಮ ಮೇಲೆ ಫ್ಯಾಕ್ಟರಿ ಬಂದಿದೆಯಂತಲ್ಲ, ಬೆಳಿಗ್ಗೆಯೆಲ್ಲ ದಬದಬ ಎಂದು ವಿಮಲಮ್ಮನಿಗೆ ಹೇಳಿದರು. ಎಲ್ಲರೂ ನಕ್ಕರು. ವಿಮಲಮ್ಮ ನಗಲಿಲ್ಲ. ಅಷ್ಟನ್ನು ನೋಡುವ ತಾಳ್ಮೆ ನನಗಿದ್ದಿದ್ದರೆ ಸಾಕಿತ್ತು.

"ನಮ್ಮ ಮನಿಯಿಂದ ರೊಟ್ಟಿ ಸಪ್ಪಳ ಅಷ್ಟ ಬರತೈತ್ರಿ," ಎಂದೆ. "ಐತವಾರ ಮುಂಜಾನೆ ಬಾಟ್ಲಿ ಸಪ್ಪಳ ಅಂತೂ ಬರೂದಿಲ್ಲ."

ಎದುರುಮನೆಯಾಕೆ ಮುಚ್ಚಿದ್ದ ಒಳಕೋಣೆಯ ಬಾಗಿಲನ್ನೊಮ್ಮೆ ನೋಡಿದರು. ವಿಮಲಮ್ಮ ಕುಂಕುಮದ ಬಟ್ಟಲು ಹಿಡಿದು ನನ್ನ ಮುಂದೆಯೇ ನಿಂತಿದ್ದರು. ಅವರ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಬಗ್ಗಿ ನನ್ನ ಹಣೆಗೆ ಕುಂಕುಮವಿಟ್ಟು, ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಎಲ್ಲವನ್ನೂ ನನ್ನ ಸೆರಗಿಗೆ ಹಾಕಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಂದು ಸಂಜೆ ಸುಬ್ಬರಾಯರು ಮೇಲೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಮೆಟ್ಟಿಲ ಮೇಲೆಯೇ ನಿಂತು ಕೈಯಲ್ಲಿದ್ದ ಚೌಕನೆಯ ರಟ್ಟನ್ನು ಮುಂದೆ ಹಿಡಿದರು. ಅದು ಹಳೆಯ ಗ್ರಾಮಫೋನ್ ರೆಕಾರ್ಡಿನ ಕವರು. ಅಂಚೆಲ್ಲ ಸವೆದು ಸೆಲೋಟೇಪು ಹಚ್ಚಿತ್ತು. ಉದ್ದ ಕೂದಲಿನ ಐವರು ಬಿಳಿಯರು ಮೇಜಿನ ಸುತ್ತ ಲೋಟ ಎತ್ತಿಕೊಂಡು ಬಾಯಿ ತೆರೆದು ನಗುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳ ಒಂದು ಇಂಗ್ಲಿಷ್ ಬ್ಯಾಂಡು ಅದು. ಕಾಲೇಜಿಗೆ ಹೋಗುತ್ತಿದ್ದಾಗ ಬ್ರಿಗೇಡ್ ರೋಡಿನ ಫುಟ್‌ಪಾತಿನಲ್ಲಿ ಕೊಂಡದ್ದಂತೆ. ಕೂಗು, ಗಾಜಿನ ಸದ್ದು, ನಗು ಎಲ್ಲವೂ ಆ ರೆಕಾರ್ಡಿನಲ್ಲೇ ಇವೆಯಂತೆ. ಹಾಡುವವರು ಕುಡಿದೇ ಹಾಡಿದ್ದು, ಮೈಕು ಅದನ್ನೂ ಹಿಡಿದುಕೊಂಡಿದೆ ಎಂದರು. ಗೆಳೆಯರು ಮತ್ತು ಅವರು ಕುಡಿಯುವುದು ವಿಮಲಮ್ಮ ಮಾಡಿಕೊಟ್ಟ ನಿಂಬೆಹಣ್ಣಿನ ಪಾನಕ, ಅದೂ ಸ್ಟೀಲ್ ಲೋಟದಲ್ಲಿ.

ನಾನು ಕವರನ್ನು ತಿರುಗಿಸಿ ನೋಡಿದೆ. ಅವರೇ ಮುಂದುವರಿಸಿದರು.

"ಒಂದ್ ಕಾಲದಲ್ಲಿ ನಾವು ನಾಲ್ಕೂ ಜನ ವಿಪರೀತ ಕುಡೀತಿದ್ವಿ ಮೇಡಂ. ಕುಡಿತ ಬಿಡೋರೆಲ್ಲ ಸೇರೋ ಒಂದು ಕಡೆ ಪರಿಚಯ ಆಗಿದ್ದು. ನಾನು ಬಿಟ್ಟು ಆರು ವರ್ಷ ಆಯ್ತು. ಆಗೆಲ್ಲ ಅವರವರ ಕಡೆ ಭಾನುವಾರ ಹತ್ತು ಗಂಟೆಗೇ ಶುರು ಮಾಡ್ತಿದ್ವಿ, ಆ ಹೊತ್ತೇ ಕಷ್ಟ. ಕುಡಿಯೋದು ಬಿಡಬಹುದು, ಆ ಗಲಾಟೆ ಇಲ್ದೆ ಇರಕ್ಕಾಗಲ್ಲ. ಅದಕ್ಕೇ ಇದನ್ನ ಹಾಕ್ಕೋತೀವಿ."

ಇನ್ನೊಂದು ಮಾತೂ ಹೇಳಿದರು. ಮೊದಲು ಸದ್ದು ಕಡಿಮೆ ಇಟ್ಟುಕೊಂಡೇ ಕೇಳುತ್ತಿದ್ದರಂತೆ. ನಾವು ಬಂದ ಮೇಲೆ, ಮೇಲಿನವರು ರೊಟ್ಟಿ ಬಡಿಯುತ್ತಿದ್ದಾರೆ, ಈಗ ಜೋರಾಗಿ ಹಾಕಿಕೊಂಡರೆ ಯಾರಿಗೂ ತೊಂದರೆಯಿಲ್ಲ ಎಂದು ವಿಮಲಮ್ಮನೇ ಹೇಳಿದರಂತೆ. ನನ್ನ ಸಪ್ಪಳ ಶುರುವಾಗುವುದನ್ನು ಕಾಯ್ದು ರೆಕಾರ್ಡು ಹಾಕುತ್ತಿದ್ದರು. "ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ," ಎಂದು ಆ ಹಿರಿಯರು ನನಗೆ ಕೈಮುಗಿದು ಇಳಿದುಹೋದರು. ಕ್ಷಮೆ ಕೇಳಬೇಕಾದವಳು ನಾನು. ಆ ಎರಡು ಅಕ್ಷರ ನನ್ನ ಬಾಯಿಂದ ಹೊರಡಲಿಲ್ಲ.

ಮುಂದಿನ ಭಾನುವಾರ ಗೆಳೆಯರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಹತ್ತು ಗಂಟೆಗೆ ಸುಬ್ಬರಾಯರು ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮತ್ತೆ ಎದ್ದು ಚಪ್ಪಲಿ ಮೆಟ್ಟಿ ಮುಖ್ಯರಸ್ತೆಯ ಕಡೆ ನಡೆಯುತ್ತಿದ್ದರು. ಆ ತಿರುವಿನಲ್ಲಿ ಒಂದು ಬಾರು ಇದೆ. ನಾನು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚುತ್ತ, ಅವರು ಹೇಗೆ ಹೋದರೋ ಹಾಗೆಯೇ ವಾಪಸು ಬರಲಿ ಎಂದು ಮನೆದೇವರಿಗೆ ಹರಕೆ ಹೊರುತ್ತಿದ್ದೆ. ಕೊತ್ತಂಬರಿ ಕಟ್ಟೋ ಪೇಪರೋ ಹಿಡಿದು ಬರುತ್ತಿದ್ದರು. ಗೇಟಿನ ಚಿಲಕ ಹಾಕುವಾಗ ಅವರ ಕೈ ನಡುಗುತ್ತಿದೆಯೇ ಎಂದು ನೋಡುತ್ತಿದ್ದೆ. ಅಣ್ಣನಿಗಾಗಿ ಕಾಯುತ್ತಿದ್ದ ಹಾಗೆಯೇ ಕಾಯುತ್ತಿದ್ದೆ, ಆದರೆ ಈ ಸಲ ತಪ್ಪು ನನ್ನದಾಗಿತ್ತು.

ತರಕಾರಿ ಗಾಡಿಯ ಹತ್ತಿರ ಎದುರುಮನೆಯಾಕೆ, ರಾಯರು ಕುಡೀತಾರಂತೆ ಹೌದಾ ಎಂದು ಪಿಸುಗುಟ್ಟಿದರು. ಇಲ್ಲ, ನಾನು ತಪ್ಪು ತಿಳಿದಿದ್ದೆ, ಅದು ಹಾಡಿನ ರೆಕಾರ್ಡು ಎಂದೆ. ಆಕೆ ನಂಬಲಿಲ್ಲ. ನಂಬಿಸಬೇಕೆಂದರೆ ಉಳಿದದ್ದನ್ನೂ ಹೇಳಬೇಕಿತ್ತು, ವಿಮಲಮ್ಮ ಅಷ್ಟು ವರ್ಷ ಬೀದಿಯಿಂದ ಮುಚ್ಚಿಟ್ಟಿದ್ದನ್ನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆಯನ್ನು ಸಾವಿರ ಸಲ ಬಾಯಲ್ಲಿ ಆಡಿದ್ದೇನೆ, ಅರ್ಥವಾದದ್ದು ಆ ಗಾಡಿಯ ಹತ್ತಿರ.

ನಮ್ಮ ಕಡೆ ಇಂಥದ್ದಕ್ಕೆಲ್ಲ ದಸರೆಯ ಬನ್ನಿ ಇದೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಸಂಜೆ ಎದುರಿಗೆ ಬಂದು, ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಎಲೆ ಕೊಟ್ಟರೆ, ಅವರೂ ಎಲೆ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಯಾರೂ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ವಿಜಯದಶಮಿಯ ಸಂಜೆ ಬನ್ನಿ ಹಿಡಿದು ಕೆಳಗಿಳಿದೆ. ವಿಮಲಮ್ಮನ ಕೈಗೆ ಎಲೆಯಿಟ್ಟು, ಆ ಮಾತು ಹೇಳಿ, ಕಾಲು ಮುಟ್ಟಿದೆ. ಎದ್ದು ಕೈಯೊಡ್ಡಿ ನಿಂತೆ. ಅವರು ಒಳ್ಳೇದಾಗಲಿ ಎಂದು ಹರಸಿ, ಎಲೆಯನ್ನು ಒಯ್ದು ದೇವರ ಮುಂದಿಟ್ಟು, ಕಾಫಿ ತರಲು ಒಳಗೆ ಹೋದರು. ಇಲ್ಲಿ ಬನ್ನಿ ಪೂಜೆಗೆ, ತಿರುಗಿ ಕೊಡಲಿಕ್ಕಲ್ಲ. ನನ್ನ ಬರಿಗೈ ಹಾಗೇ ಉಳಿಯಿತು. ಊರಿನ ಪದ್ಧತಿಯ ಹಿಂದೆ ಅಡಗಿಕೊಂಡು ಪಾರಾಗಲು ನೋಡಿದ್ದೆ, ಆಗಲಿಲ್ಲ.

ಕಾಫಿ ಬಂದಾಗ ಹೇಳಿದೆ. "ನನ್ನ ತಪ್ಪಾತ್ರಿ ವಿಮಲಮ್ಮ. ಗೊತ್ತಿಲ್ಲದ ಮಾತಾಡಿದೆ. ಐತವಾರ ಹಾಡು ಹಚ್ಚಾಕ ಹೇಳ್ರಿ ಅವರಿಗೆ."

ಅವರು ತಮ್ಮ ಲೋಟ ಕೆಳಗಿಟ್ಟರು. "ನೀವು ಹೇಳಿದ್ದು ಬರೀ ಸುಳ್ಳಾಗಿದ್ರೆ ನಂಗೇನೂ ಅನ್ನಿಸ್ತಿರ್ಲಿಲ್ಲ ಕಣ್ರೀ," ಎಂದರು. "ಹದಿನೆಂಟು ವರ್ಷ ಅದು ನಿಜಾನೇ ಆಗಿತ್ತು. ಆಗ ಈ ಬೀದೀಲಿ ಒಬ್ರೂ ಅಂದಿರ್ಲಿಲ್ಲ. ಬಿಟ್ಟ ಮೇಲೆ ಅನ್ನಿಸ್ಕೊಂಡ್ರು, ಅದೂ ನಮ್ಮನೇಲೇ."

ನಾನು ಅತ್ತೆ. ಅವರು ಅಳಲಿಲ್ಲ. ಕಾಫಿ ಆರಿಹೋಗತ್ತೆ, ಕುಡೀರಿ ಎಂದರು.

ಕಾರ್ತಿಕದಲ್ಲಿ ಗೆಳೆಯರು ಮತ್ತೆ ಬರತೊಡಗಿದರು. ರೆಕಾರ್ಡೂ ಶುರುವಾಯಿತು. ಆದರೆ ಈಗ ಕಿಟಕಿ ಮುಚ್ಚಿ, ಸದ್ದು ತಗ್ಗಿಸಿ ಕೇಳುತ್ತಾರೆ. ಐವರು ಕುಡುಕರು ಹೊಟ್ಟೆ ಬಿರಿಯುವಂತೆ ಕೂಗುವ ಹಾಡು, ಪಕ್ಕದ ಕೋಣೆಯಲ್ಲಿ ರೋಗಿ ಮಲಗಿರುವಾಗ ಹಾಡಿದಂತೆ ಮೆಲ್ಲಗೆ ಬರುತ್ತದೆ. ನೆಲಕ್ಕೆ ಕಿವಿಗೊಟ್ಟರೆ ಮಾತ್ರ ಆ ನಗು ಕೇಳುತ್ತದೆ. ಕಿವಿಗೊಟ್ಟಿದ್ದೇನೆ. ಈ ಬರಹವನ್ನು ಪತ್ರಿಕೆಗೆ ಕಳಿಸುವ ಮೊದಲು ಸುಬ್ಬರಾಯರಿಗೆ ಓದಿ ಹೇಳಿದೆ. ನಮ್ಮ ಹೆಸರು ಬೇರೆ ಮಾಡಿ ಹಾಕಿ, ರೆಕಾರ್ಡಿನ ಹೆಸರನ್ನಂತೂ ಹಾಕಲೇಬೇಡಿ ಎಂದು ಅವರು ನಕ್ಕರು. ಬೀದಿಯವರೆಲ್ಲ ಫೋನಿನಲ್ಲಿ ಅದನ್ನು ಕೇಳಿ, ಮೇಲಿನಮನೆಯವರು ಹೇಳಿದ್ದೇ ಸರಿ ಅನ್ನುತ್ತಾರಂತೆ. ಅವರ ಜೊತೆ ನನ್ನಿಂದ ನಗಲಾಗಲಿಲ್ಲ.

ಭಾನುವಾರ ಹತ್ತಕ್ಕೆ ಸರಿಯಾಗಿ ನಾನು ಕಲ್ಲಿನ ಮುಂದೆ ಕೂರುತ್ತೇನೆ. ಇಬ್ಬರ ಮನೆಗೆ ಎಂಟು ರೊಟ್ಟಿ ಸಾಕು. ಮೂವತ್ತು ಬಡಿಯುತ್ತೇನೆ, ರೆಕಾರ್ಡು ಮುಗಿಯುವವರೆಗೂ, ಅಂಗೈ ಉರಿಯುವಷ್ಟು ಜೋರಾಗಿ. ಕೆಳಗಿನವರು ಅದನ್ನು ಕೇಳಿ ಮೊದಲಿನಂತೆ ಸದ್ದು ಏರಿಸಲಿ ಎಂದು. ಉಳಿದ ರೊಟ್ಟಿ ಒಣಗಿಸಿ ಡಬ್ಬಿಗೆ ತುಂಬುತ್ತೇನೆ. ಸಂಕ್ರಾಂತಿಗೆ ಊರಿಗೆ ಹೋದಾಗ ಎರಡು ಡಬ್ಬಿ ಕಡಕ್ ರೊಟ್ಟಿ ಒಯ್ದೆ. ಗದಗಿಗೆ ಬೆಂಗಳೂರಿನಿಂದ ರೊಟ್ಟಿ ಹೊತ್ತುಕೊಂಡು ಬಂದವಳನ್ನು ನೋಡಿ ಓಣಿಯೇ ನಕ್ಕಿತು. ಶಾಂತಕ್ಕ, ನಿಮ್ಮ ಕುಡುಕರು ಹೆಂಗದಾರ ಎಂದು ಕೇಳಿದಳು. ಅವರು ಕುಡುಕರಲ್ಲ ಎಂದಷ್ಟೇ ಹೇಳಿ ಬೇರೆ ಮಾತು ತೆಗೆದೆ. ಮರುದಿನ ಭಾನುವಾರ. ಹತ್ತು ಗಂಟೆಗೆ ಅವಳು ರೊಟ್ಟಿ ಬಡಿಯಲು ಕೂತಳು. ಆಚೀಚೆ ಮನೆಗಳಿಂದಲೂ ಅದೇ ಸಪ್ಪಳ, ನಾನು ಹುಟ್ಟಿದಾಗಿನಿಂದ ಕೇಳಿದ್ದು. ನಾನು ಮಾತ್ರ ನೆಲದ ಕಡೆ ಕಿವಿಯಿಟ್ಟು ಕೂತಿದ್ದೆ. ಏನು ಕೇಳುತ್ತಿದ್ದೀ ಎಂದಳು ಅಕ್ಕ. ಏನಿಲ್ಲ ಎಂದೆ. ಆ ನೆಲದ ಕೆಳಗೆ ಬರೀ ಮಣ್ಣು.

ಈಗ ಮತ್ತೆ ಚಿಕ್ಕಲಸಂದ್ರದಲ್ಲಿದ್ದೇನೆ. ಕೆಳಗಿನ ಸದ್ದು ಇದುವರೆಗೂ ಏರಿಲ್ಲ. ಮೂರನೆಯ ಡಬ್ಬಿ ತುಂಬುತ್ತ ಬಂದಿದೆ.