ಬೊಳ್ಳಮ್ಮನ ಹಸಿರು ಎಣ್ಣೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಕರಿಕೆಯ ಕಡೆ ಯಾರ ಕೈಗೆ ಕತ್ತಿ ತಾಗಿದರೂ ಓಡುತ್ತಿದ್ದುದು ಬೊಳ್ಳಮ್ಮನ ಜಗಲಿಗೆ. ಅವಳ ಹತ್ತಿರ ಒಂದು ಹಸಿರು ಎಣ್ಣೆ ಇತ್ತು. ಒಂದು ಸೊಪ್ಪಿನ ರಸಕ್ಕೆ ಅರಿಸಿನ, ತೆಂಗಿನೆಣ್ಣೆ ಹಾಕಿ ಕಾಯಿಸಿದ್ದು. ಹಚ್ಚಿದರೆ ಗಾಯ ಕೀವಾಗುತ್ತಿರಲಿಲ್ಲ. ಅರಿಸಿನ, ಎಣ್ಣೆ ಎಲ್ಲರಿಗೂ ಗೊತ್ತು. ಸೊಪ್ಪು ಮಾತ್ರ ಅವಳಿಗೆ, ಸತ್ತುಹೋದ ಅವಳ ತಾಯಿಗೆ, ಮತ್ತೆ ದೇವರಿಗೆ. ಬೇರೆಯವರು ಅದನ್ನು ಕೊಯ್ದರೆ, ಗುರುತು ಹಿಡಿದರೆ ಮದ್ದು ಮಲಗಿಬಿಡುತ್ತದೆ ಎಂದು ತಾಯಿ ಹೇಳಿದ್ದಳು. ದೇವರಿಗಾದರೂ ಗೊತ್ತೋ ಎಂದು ಬೊಳ್ಳಮ್ಮನಿಗೆ ಸ್ವಲ್ಪ ಅನುಮಾನವೇ.

ಇನ್ನು ಸೊಸೆ ಗಂಗಮ್ಮ. ಒಳ್ಳೆಯವಳೇ, ಆದರೆ ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಪಾಣತ್ತೂರು ಪೇಟೆ ಮುಟ್ಟುತ್ತಿತ್ತು.

ಇಂಥ ಬೊಳ್ಳಮ್ಮ ಒಂದು ದಿನ ಹಲಸಿನಕಾಯಿ ಹೆಚ್ಚಿ ಏಳುವಾಗ ತನ್ನ ಮೆಟ್ಟುಕತ್ತಿಯನ್ನೇ ತುಳಿದಳು. ಕುಪ್ಪಿಯಲ್ಲಿದ್ದ ಎಣ್ಣೆಯ ಕೊನೆಯ ಹನಿಯನ್ನು ಎಸ್ಟೇಟಿನ ಕೂಲಿಯಾಳು ಮಾರಿಯ ಬೆರಳಿಗೆ ಆಗಲೇ ಹಚ್ಚಿ ಮುಗಿಸಿದ್ದಳು. ಪಾದ ಊದಿ ಕೀವು ತುಂಬಿತು.

"ಭಾಗಮಂಡಲದ ಆಸ್ಪತ್ರೆಗೆ ಹೋಕು ಅತ್ತೆ. ಕಂಪೌಂಡರ್ ಒಂದು ಸೂಜಿ ಕುತ್ತಿರೆ ಆತ್," ಎಂದಳು ಗಂಗಮ್ಮ.

"ನಂಗೆ ಸೂಜಿ ಕುತ್ತಿದ್ದನ್ನ ನೀ ಊರಿಗೆಲ್ಲ ಹೇಳಿಕಾ?"

ಹೋಗದಿದ್ದರೆ ಕಾಲು ಹೋಗುತ್ತದೆ, ಹೋದರೆ ಹೆಸರು ಹೋಗುತ್ತದೆ. ಸೊಪ್ಪಿನ ಗುಡ್ಡಕ್ಕೆ ನಡೆಯಲು ಆಗದು. ಕೊನೆಗೆ ಗಂಡ ಮೊಣ್ಣಪ್ಪನನ್ನು ಕರೆದು, ಗುಡ್ಡಕ್ಕೆ ಹೊತ್ತುಕೊಂಡು ಹೋಗಲು ಹೇಳಿದಳು.

"ಮದುವೆ ದಿನವೂ ನಾ ನಿನ್ನ ಹೊತ್ತಿಲ್ಲೆ," ಎಂದ ಮೊಣ್ಣಪ್ಪ.

"ಆಗ ನಂಗೆ ಕಾಲಿತ್ತ್."

ಹಳ್ಳ ದಾಟಿದ್ದೇ, ಬೆನ್ನ ಮೇಲಿಂದಲೇ ತಲೆವಸ್ತ್ರ ಬಿಚ್ಚಿ ಅವನ ಕಣ್ಣಿಗೆ ಕಟ್ಟಿದಳು. "ಬಲಕ್ಕೆ. ಬಲಕ್ಕೆ ಅಂದೆ. ಉಂಬ ಕೈ ಯಾವುದು, ಅದರ ಕಡೆಗೆ." ಮೊಣ್ಣಪ್ಪ ಒಮ್ಮೆ ಮುಳ್ಳಿಗೆ ಹೊಕ್ಕ, ಒಮ್ಮೆ ಹಂದಿ ಅಗೆದ ಗುಂಡಿಗೆ ಕಾಲಿಟ್ಟ, ಹೆಂಡತಿಯನ್ನು ಮಾತ್ರ ಬೀಳಿಸಲಿಲ್ಲ.

ಸೊಪ್ಪು ಕೊಯ್ಯುತ್ತಿದ್ದಂತೆ ಘಾಟು ಎದ್ದಿತು. ಬೊಳ್ಳಮ್ಮನ ಕೈ ನಿಂತಿತು. ಕಣ್ಣು ಕಟ್ಟಿದವಳು ಮೂಗನ್ನು ಮರೆತಿದ್ದಳು. ಈಗ ಹಿಸುಕಿ ಹಿಡಿದರೆ, ಏದುಸಿರು ಬಿಡುತ್ತಿರುವ ಗಂಡ ಇಲ್ಲೇ ಮಗುಚಿಕೊಂಡಾನು.

"ಗೊತ್ತಾತಾ?"

"ಎಂತ?"

"ವಾಸನೆ."

ಮೊಣ್ಣಪ್ಪ ಗಾಳಿಯನ್ನು ಒಮ್ಮೆ ಆಳವಾಗಿ ಎಳೆದುಕೊಂಡ. ಆಮೇಲೆ, "ನಂಗೆ ನಿನ್ನೆಯಿಂದ ಶೀತ," ಎಂದು ಮೂಗು ಸೊರಕ್ ಅನ್ನಿಸಿದ.

ಬೊಳ್ಳಮ್ಮನಿಗೆ ನಂಬಿಕೆ ಬರಲಿಲ್ಲ. ಎಣ್ಣೆ ಕಾಯಿಸಿ ಹಚ್ಚಿಕೊಂಡು, ಒಮ್ಮೆ ಗಾಯವನ್ನೂ ಒಮ್ಮೆ ಗಂಡನ ಮೂಗನ್ನೂ ನೋಡುತ್ತಾ ಕುಳಿತಳು. ಮದ್ದು ಮಲಗಿತೋ, ಎಚ್ಚರವಾಗಿದೆಯೋ? ಮೊಣ್ಣಪ್ಪ ಅವಳೆದುರು ಹಾದಾಗಲೆಲ್ಲ ತಪ್ಪದೆ ಸೀನಿದ. ಮೆಲ್ಲಗೆ ಊತ ಇಳಿಯಿತು, ಕೀವು ಬತ್ತಿತು, ಗಾಯದ ಅಂಚಿಗೆ ಎಳೆಯ ಚರ್ಮ ಬಂತು.

ಗಂಗಮ್ಮ ಅಂಗಳದಲ್ಲಿ ಮಾವನನ್ನು ಹಿಡಿದಳು. "ಯಾವ ಸೊಪ್ಪು ಮಾವ?"

"ನಾ ಬರೀ ಕುದುರೆ."

"ಕುದುರೆಗೆ ಸೊಪ್ಪು ಗೊತ್ತಿಲ್ಲೆನಾ?"

ಮೊಣ್ಣಪ್ಪ ದೊಡ್ಡದಾಗಿ ಸೀನಿದ. ಒಳಗಿನಿಂದ ಕುಂಟದೆ ನಡೆದು ಬಂದ ಬೊಳ್ಳಮ್ಮ, ಶೀತಕ್ಕೆಂದು ಕಾಯಿಸಿದ ಅಮೃತಬಳ್ಳಿಯ ಕಹಿ ಕಷಾಯವನ್ನು ಅವನ ಕೈಗಿಟ್ಟು, ಲೋಟ ಬರಿದಾಗುವವರೆಗೂ ಎದುರೇ ನಿಂತಳು.