ಗುಂಪಿ ಮ್ಯಾಲಿನ ಕಲ್ಲು

ಮೊನ್ನೆ ಸಿಂದಗಿ ಬಸ್‌ಸ್ಟ್ಯಾಂಡ್ ಬಾಜೂಕಿನ ಖಾನಾವಳಿಯಾಗ ಬಿಸಿ ರೊಟ್ಟಿ ಮುರದ್ನಿ. ತೊಗರಿ ಕಟಗಿ ಹೊಗಿ ವಾಸನಿ ಮೂಗಿಗೆ ಬಡೀತು. ಗ್ಯಾಸಿನ ಮ್ಯಾಲೆ ಬಡದ ರೊಟ್ಟಿಗೆ ಈ ವಾಸನಿ ಇರಂಗಿಲ್ಲ. ತುತ್ತು ಬಾಯಿಗೆ ಹೋಗೂದ್ರಾಗ ಬಾಜೂ ಮನಿ ಕಾಕು ನೆನಪಾದ್ಳು...

ನಾಲತವಾಡದಾಗ ನಮ್ಮ ಮನಿಗೂ ಆಕಿ ಮನಿಗೂ ನಡುವ ಒಂದ ಗ್ವಾಡಿ. ಸಂಬಂಧ ಏನೂ ಇಲ್ಲ, ಕರಿಯೂದಷ್ಟ ಕಾಕು. ಗಂಡ ತೀರಿಕೊಂಡ ಮ್ಯಾಲೆ ರೊಟ್ಟಿ ಬಡದ ಸಂಸಾರ ಸಾಗಿಸಿದ ಹೆಣಮಗಳು. ಮದುವಿ ಇರ್ಲಿ, ಜವಳ ಇರ್ಲಿ, ರೊಟ್ಟಿ ಕಾಕುನದ ಆಗಬೇಕು. ಬಾಯಿ ಮಾತ್ರ ಭಾಳ ಜೋರು. "ಏ ತಮ್ಮಾ, ಒಲಿ ಮುಂದ ನಿಂತು ಮೊಬೈಲ್ ತಿಕ್ಕಬ್ಯಾಡ. ತಿನ್ನಾಕ ಬಂದಿದ್ರ ಕುಂಡ್ರು" ಅಂತ ಬೈಕೋತನ ತಾಟಿಗೆ ರೊಟ್ಟಿ ಒಗೀತಿದ್ಳು.

ಆಕಿ ಒಲಿಗೆ ತೊಗರಿ ಕಟಗೀನ ಬೇಕು. ಲಗೂನ ಹತ್ತತಿತ್ತು, ಹಂಚಿನ ತುಂಬ ಒಂದ ನಮೂನಿ ಕಾವು. ಕಟಗಿ ಆಕಿ ಎಂದೂ ಕೊಂಡಾಕಿ ಅಲ್ಲ. ಸುಗ್ಗಿಯಾಗ ಆಕೀನೂ ತೊಗರಿ ಕೊಯ್ಯಾಕ ಹೋಗತಿದ್ಳು. ಕೊಯ್ಯಾಕ ಹೋದ ಹೆಣಮಕ್ಕಳು ರಾಶಿ ಆದ ಮ್ಯಾಲೆ ತಮಗ ಬೇಕಾದಷ್ಟು ಕಟಗಿ ಆರಿಸಿ, ಬದುವಿನ ಮ್ಯಾಲೆ ಗುಂಪಿ ಹಾಕಿ, ಮ್ಯಾಲೊಂದು ಕಲ್ಲ ಇಡತಿದ್ರು. ಕಲ್ಲಿಟ್ರ ಮುಗೀತು, ಅದು ಇನ್ನೊಬ್ಬರದು ಅಂತ ಅರ್ಥ. ತಿಂಗಳಾದ್ರೂ ಯಾರೂ ಮುಟ್ಟತಿರ್ಲಿಲ್ಲ.

ನಾ ಆಗಷ್ಟ ಒಂದು ಕಾಗದದ ಮಿಲ್ಲಿಗೆ ಕಟಗಿ ಕೂಡಿಸಿ ಕಳಸೂ ಕೆಲಸಕ್ಕ ಸೇರಿದ್ನಿ. ಕಾಗದ ಒಣಗಾಕ ಹಬೆ ಬೇಕು, ಮಷೀನು ತಿರಗಾಕ ಕರೆಂಟ್ ಬೇಕು. ಎರಡೂ ಅಲ್ಲೇ ಬಾಯ್ಲರಿನಿಂದ ತಯಾರ ಆಗತಾವು. ಕಲ್ಲಿದ್ದಲು ಬಿಟ್ಟು ತೊಗರಿ ಕಟಗಿ, ಹತ್ತಿ ಕಟಗಿ ಸುಡತಾರ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಹೊಲ ಹೊಲ ತಿರಗತಿದ್ನಿ. ಹೊಲದಾಗ ಸುಟ್ಟು ಹಾಕತಿದ್ದ ಕಟಗಿಗೆ ರೊಕ್ಕ ಬಂತಂತ ರೈತರಿಗೂ ಖುಷಿ. ಕೆಟ್ಟ ಕೆಲಸ ಅಂತ ನಾ ಇವತ್ತೂ ಅನ್ನಂಗಿಲ್ಲ.

ಆ ದಿನ ಮಿಲ್ಲಿನಿಂದ ಮ್ಯಾಲಿಂದ ಮ್ಯಾಲೆ ಫೋನು. ಬಾಯ್ಲರಿಗೆ ಕಟಗಿ ಸಾಲವಲ್ದು, ಸಂಜಿಯೊಳಗ ಲಾರಿ ತುಂಬಿ ಬರಬೇಕು. ನಮ್ಮೂರ ಹೊಲದಾಗ ಇದ್ದದ್ದೆಲ್ಲಾ ಹೇರಿದ್ರೂ ಲಾರಿ ತುಂಬಲಿಲ್ಲ. ಬದುವಿನ ಮ್ಯಾಲೆ ಒಂದು ಗುಂಪಿ ಇತ್ತು. ಹಳೇ ಸೀರಿ ಅಂಚಿನಿಂದ ಕಟ್ಟಿದ ಹೊರಿಗಳು, ಮ್ಯಾಲೆ ಕಲ್ಲು. ಸೀರಿ ಕಾಕುಂದು ಅಂತ ನೋಡಿದ ಕೂಡ್ಲೆ ಗೊತ್ತಾತು. ಹಮಾಲರು ಹಿಂದ ಸರದ್ರು. "ಯಾರೋ ಕಲ್ಲಿಟ್ಟಾರ್ರೀ ಸಾಹೇಬ್ರ, ಬ್ಯಾಡ್ರಿ" ಅಂದ್ರು. ನಾನ ಹೋಗಿ ಕಲ್ಲ ಎತ್ತಿ ಬಾಜೂಕ ಇಟ್ಟು, "ಹೇರ್ರಿ" ಅಂದ್ನಿ.

ಮೂರು ದಿನದ ಮ್ಯಾಲೆ ಕಾಕು ಗ್ವಾಡಿ ಆಚಿಂದ ಕರದ್ಳು. "ತಮ್ಮಾ, ನನ್ನ ಒಂದ ವರ್ಷದ ಕಟಗಿ ಹೋತೋ! ನಿಮ್ಮ ಲಾರಿಯಾಗ ಹೋತಂತ. ಕಲ್ಲ ಕಾಣಲಿಲ್ಲೇನು ಅವರಿಗೆ?"

"ಹಮಾಲರು ಹೊರಗಿನವರು, ಕಾಕು. ನಾ ಅಲ್ಲಿರ್ಲಿಲ್ಲ" ಅಂದ್ನಿ.

ಬೈಗುಳ ಬರ್ತಾವು ಅಂತ ತಲಿ ತಗ್ಗಿಸಿ ನಿಂತ್ನಿ. ಬರಲಿಲ್ಲ. "ಹೌದ ಬಿಡಪಾ. ನೀ ಇದ್ದಿದ್ರ ಮುಟ್ಟಗೊಡ್ತಿದ್ದಿಲ್ಲ" ಅಂದು ಒಳಗ ಹೋದ್ಳು.

ಆ ವರ್ಷ ಕಾಕು ಗ್ಯಾಸಿನ ಮ್ಯಾಲೆ ಬಡದ್ಳು. ರೊಟ್ಟಿ ಮೊದಲಿನಂಗಿಲ್ಲ ಅಂತ ಮಂದಿ ರಾಗ ತಗದ್ರು. ಮುಂದಿನ ಸುಗ್ಗಿಗೆ ಯಾವ ಹೊಲದಾಗೂ ಕಟಗಿ ಪುಕ್ಕಟ ಸಿಗಲಿಲ್ಲ. ರೊಟ್ಟಿ ಕೆಲಸ ಬಿಟ್ಟು ಬಾಗೇವಾಡಿಗೆ ಮಗಳ ಮನಿಗೆ ಹೋದ್ಳು. ಹೋಗೂ ಮುಂದ ಮನಿ ಕೀಲಿ ನಮ್ಮವ್ವನ ಕೈಗೆ ಕೊಟ್ಟು, "ಇದು ತಮ್ಮನ ಹಂತೇಕ ಇರ್ಲಿ, ಅವನ ಮ್ಯಾಲೆ ನಂಬಿಕಿ ಐತಿ ನನಗ" ಅಂದ್ಳಂತ.

ಕಾಕು ತೀರಿ ವರ್ಷ ಆಗಾಕ ಬಂತು. ಆಕಿ ಇದ್ದಾಗ, ಕಲ್ಲ ಎತ್ತಿದವ ನಾನ ಅಂತ ಹೇಳಬೇಕು ಹೇಳಬೇಕು ಅಂತ ಎಷ್ಟ ಸಲ ಬಾಗೇವಾಡಿ ದಾಟಿ ಹೋಗೇನೋ... ನಿನ್ನೆ ಆಕಿ ಮಗಳು ಫೋನ್ ಮಾಡಿದ್ಳು, ಕೀಲಿ ಒಯ್ಯಾಕ ಬರ್ತಾಳಂತ. "ನಿನ್ನಂಥ ಮಗ ಯಾರಿಗೂ ಇಲ್ಲ ಅಂತಿದ್ಳು ಅಣ್ಣಾ, ಅವ್ವ" ಅಂದ್ಳು.

"ಹೌದವಾ" ಅಂದ್ನಿ. ಅಷ್ಟ ಅಂದು ಫೋನ್ ಇಟ್ನಿ.